ಹತ್ತರ ಜೊತೆ ಹನ್ನೊಂದಲ್ಲ

ಕರೆಂಟಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಏಕೆಂದು ಕೇಳಿದರೆ ಎಂಟನೆಯ ತರಗತಿಯ ಹುಡುಗನೂ ಥಟ್ಟನೆ ಹೇಳುತ್ತಾನೆ: ಪ್ಲಾಸ್ಟಿಕ್ ವಿದ್ಯುತ್ ನಿರೋಧಕ. ಉತ್ತರಕ್ಕೆ ಪೂರ್ತಿ ಅಂಕ. ಆದರೆ ಎಲ್ಲ ಪ್ಲಾಸ್ಟಿಕ್ಕೂ ಹಾಗಲ್ಲ. 1990ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಒಂದು ಬಗೆಯ ಪಾಲಿಮರ್‌ನ ತೆಳು ಪದರಕ್ಕೆ ವಿದ್ಯುತ್ ಹಾಯಿಸಿ ಹಳದಿ ಬೆರೆತ ಹಸಿರು ಬೆಳಕನ್ನೇ ಪಡೆದರು.

ಇಂಥ ಪಾಲಿಮರ್‌ನ ಗುಟ್ಟು ಅದರ ಬೆನ್ನೆಲುಬಿನಲ್ಲಿದೆ. ಇಂಗಾಲದ ಪರಮಾಣುಗಳ ನಡುವೆ ಒಂದು ಏಕಬಂಧ, ಒಂದು ದ್ವಿಬಂಧ, ಹೀಗೆ ಸಾಲು ಸಾಗುತ್ತದೆ. ಇದಕ್ಕೆ ಕಾಂಜುಗೇಟೆಡ್ ಪಾಲಿಮರ್ ಎಂದು ಹೆಸರು. ಶಕ್ತಿ ಹೀರಿದ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿದಾಗ, ಅದು ಬಿಟ್ಟ ಖಾಲಿ ಜಾಗ ಧನ ವಿದ್ಯುದಂಶದಂತೆ ವರ್ತಿಸುತ್ತದೆ. ಈ ಜೋಡಿ ಮತ್ತೆ ಕೂಡಿದರೆ ಬೆಳಕು.

ಜೋಡಿಯನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟರೆ? ಋಣವನ್ನು ಒಂದು ಕಡೆಗೆ, ಧನವನ್ನು ಇನ್ನೊಂದು ಕಡೆಗೆ ಕ್ಷೇತ್ರ ಎಳೆಯುತ್ತದೆ. ಜೋಡಿ ಒಡೆದರೆ ಬೆಳಕು ಕುಂದುತ್ತದೆ. ಒಡೆಯದಿದ್ದರೂ ಬಣ್ಣ ಕೊಂಚ ಸರಿಯುತ್ತದೆ. 1913ರಲ್ಲಿ ಜರ್ಮನಿಯ ಜೊಹಾನ್ಸ್ ಸ್ಟಾರ್ಕ್ ಜಲಜನಕದ ರೋಹಿತದಲ್ಲಿ ಕಂಡದ್ದು ಇಂಥ ಪರಿಣಾಮವನ್ನೇ. ಎಳೆತವೇನೂ ಸಣ್ಣದಲ್ಲ. 100 ನ್ಯಾನೋಮೀಟರ್ ದಪ್ಪದ ಪದರಕ್ಕೆ 5 ವೋಲ್ಟ್ ಕೊಟ್ಟರೆ ಕ್ಷೇತ್ರ ಮೀಟರಿಗೆ 5 ಕೋಟಿ ವೋಲ್ಟ್! ಗಾಳಿಯಲ್ಲಾದರೆ ಮೀಟರಿಗೆ ಸುಮಾರು 30 ಲಕ್ಷ ವೋಲ್ಟಿಗೇ ಕಿಡಿ ಹಾರುತ್ತದೆ. ದೀಪ ಹೊತ್ತಿಸುವ ವಿದ್ಯುತ್ತೇ ಅದನ್ನು ಮಂಕಾಗಿಸಲೂ ಬಲ್ಲದು.

ಪದರದ ಬೆಳಕು ಶೇಕಡ 10ರಷ್ಟು ಕುಂದಿತೆನ್ನೋಣ. ಎಲ್ಲ ಅಣುಗಳೂ ಸಮನಾಗಿ ಮಂಕಾದವೋ, ಹತ್ತರಲ್ಲೊಂದು ಪೂರ್ತಿ ಆರಿತೋ? ಸರಾಸರಿ ಇದನ್ನು ಹೇಳುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಅಣುಗಳನ್ನು ಬೇರೊಂದು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ದೂರದೂರಕ್ಕೆ ಹರಡಿ, ಲೇಸರ್ ಬೆಳಕು ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ಒಂದೊಂದನ್ನೇ ನೋಡಿದರು. 1997ರಲ್ಲಿ ಅಮೆರಿಕದ ಪಾಲ್ ಬಾರ್ಬರಾ ಮತ್ತು ಸಂಗಡಿಗರಿಗೆ ಅಚ್ಚರಿ ಕಾದಿತ್ತು: ಅಷ್ಟುದ್ದದ ಸರಪಳಿ ಒಂದೇ ದೀಪದಂತೆ ಹೊತ್ತಿ ಆರುತ್ತಿತ್ತು! ಸರಪಳಿಯ ಶಕ್ತಿಯೆಲ್ಲ ಹರಿದು ಕೆಲವೇ ತಾಣಗಳಿಗೆ ಸೇರುವುದರಿಂದ, ಒಂದು ಕಡೆ ದೋಷ ಹುಟ್ಟಿದರೂ ಬಹುಪಾಲು ಕತ್ತಲು.

ಕ್ಷೇತ್ರಕ್ಕೂ ಎಲ್ಲ ಅಣುಗಳು ಒಂದೇ ಬಗೆಯಲ್ಲಿ ಓಗೊಡುವುದಿಲ್ಲ. ಕ್ಷೇತ್ರದ ದಿಕ್ಕಿಗೆ ಚಾಚಿದ ಸರಪಳಿಗೆ ಎಳೆತ ಜೋರು, ಅಡ್ಡಲಾಗಿ ಮಲಗಿದ್ದಕ್ಕೆ ಕಡಿಮೆ. ಒಂದರ ಬಣ್ಣ ಕೆಂಪಿನತ್ತ ಸರಿದರೆ ಇನ್ನೊಂದರದು ನೀಲಿಯತ್ತ. ಒಟ್ಟು ಕೂಡಿಸಿದರೆ ಇವು ಪರಸ್ಪರ ಕಳೆದುಹೋಗಿ, ಹೆಚ್ಚೇನೂ ನಡೆದಿಲ್ಲವೆಂಬಂತೆ ತೋರುತ್ತದೆ.

ತರಗತಿಯ ಸರಾಸರಿ 60 ಎಂದರೆ ಅದು ಸುಳ್ಳಲ್ಲ. ಅಲ್ಲಿ 60 ಪಡೆದ ಹುಡುಗ ಒಬ್ಬನೂ ಇಲ್ಲದಿರಬಹುದು, ಅಷ್ಟೆ. ಒಂದೇ ಅಚ್ಚಿನ ಅಣುಗಳೇ ಹತ್ತರ ಜೊತೆ ಹನ್ನೊಂದಾಗದಿರುವಾಗ, ಅಂಕಪಟ್ಟಿ ಬಂದ ದಿನ ಮಗುವನ್ನು ಪಕ್ಕದ ಮನೆಯ ಮಗುವಿನೊಂದಿಗೆ ತೂಗುವ ಮೊದಲು ತಂದೆತಾಯಿಗಳು ಒಂದು ಕ್ಷಣ ತಡೆಯಬಹುದು.