ಬೀಪ್ ಎಂಬ ಆರ್ತನಾದ

ಮಲೆನಾಡಿನ ಆಷಾಢ ಕಂಡವರಿಗೆ ನಾನೇನು ಹೇಳಬೇಕು? ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ. ಹೀಗಿರುವಾಗ ನಡುಮನೆಯ ಮೂಲೆಯಲ್ಲಿ ಹತ್ತು ವರ್ಷದಿಂದ ಕೂತಿರುವ ಕಂಪ್ಯೂಟರಿಗೆ ಮಾತ್ರ ಥಂಡಿ ತಾಗದೆ ಇರುತ್ತದೆಯೇ? ಮೊನ್ನೆ ಬೆಳಿಗ್ಗೆ ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆಯಲ್ಲಿ ಅಮಾವಾಸ್ಯೆ. ಒಳಗಿನಿಂದ ಬೀಪ್, ಬೀಪ್, ಬೀಪ್.

ಪೇಟೆಯ ರಿಪೇರಿಯವರು ಫೋನಿನಲ್ಲೇ, "ಬೋರ್ಡ್ ಹೋಗಿದೆ ಸಾರ್, ಹೊಸದೇ ತಗೊಳ್ಳಿ" ಎಂದುಬಿಟ್ಟರು. ನನಗೆ ಮನಸ್ಸು ಒಪ್ಪಲಿಲ್ಲ. ಈ ಯಂತ್ರ ಎದ್ದ ಕೂಡಲೇ ಆತ್ಮಪರೀಕ್ಷೆ ಮಾಡಿಕೊಳ್ಳುತ್ತದೆ, ಪೋಸ್ಟ್ ಅಂತ ಅದರ ಹೆಸರು; ಪರದೆ ಬೆಳಗುವ ಮೊದಲೇ ಎಡವಿದರೆ ಬರೆದು ತೋರಿಸಲಾರದೆ ಕೂಗಿ ಹೇಳುತ್ತದೆ. ಯಾವ ಕೂಗಿಗೆ ಯಾವ ಅರ್ಥ ಎಂಬುದು ಈ ಪರೀಕ್ಷೆ ನಡೆಸುವ ಬಯಾಸಿನಿಂದ ಬಯಾಸಿಗೆ ಬೇರೆ. ಬೋರ್ಡಿನ ಜೊತೆ ಬಂದಿದ್ದ ಪುಸ್ತಕ ಹುಡುಕಿ ನೋಡಿದೆ: ರ‍್ಯಾಮ್.

ಆಗ ಅಪ್ಪಯ್ಯನ ಟಾರ್ಚು ನೆನಪಾಯಿತು. ಮಳೆಗಾಲದ ರಾತ್ರಿ ಕೊಟ್ಟಿಗೆಗೆ ಹೊರಟಾಗ ಅದು ಮಿಣುಕಿ ಆರಿದರೆ, ಅಪ್ಪಯ್ಯ ಸೆಲ್ಲು ಎಸೆಯುತ್ತಿರಲಿಲ್ಲ. ಹೊರತೆಗೆದು, ತುದಿಯ ಹಿತ್ತಾಳೆ ಟೋಪಿಯನ್ನು ಪಂಚೆಯ ಅಂಚಿಗೆ ತಿಕ್ಕಿ, ಒಲೆಯ ಹತ್ತಿರ ಸ್ವಲ್ಪ ಬಿಸಿಗಿಟ್ಟು ಮತ್ತೆ ತುಂಬುತ್ತಿದ್ದರು. "ಸೆಲ್ ಸತ್ತಿಲ್ಲ ಮಾಣಿ, ಮುಟ್ಟುವ ಜಾಗ ಕೊಳೆಯಾಗಿದೆ." ಬೆಳಕು ಬರುತ್ತಿತ್ತು.

ಪ್ಲಗ್ ಕಿತ್ತೆ. ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಅದುಮಿ, ಒಳಗುಳಿದ ಕರೆಂಟು ಇಳಿಸಿ, ಮಗ್ಗುಲ ತಗಡು ತೆಗೆದೆ. ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಎರಡೂ ಬದಿ ಸೇರಿ 240 ಹೊಂಬಣ್ಣದ ಹಲ್ಲು, ನಮ್ಮದು ಡಿಡಿಆರ್3. ಅವುಗಳ ಮೇಲೆ ಉಸಿರು ಬಿಟ್ಟ ಕನ್ನಡಿಯಂಥ ಮಬ್ಬು. ಮೊಮ್ಮಗಳ ಕಂಪಾಸ್ ಪೆಟ್ಟಿಗೆಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಎರಡು ಕೊನೆಗೂ 'ಟಿಕ್' ಎನ್ನುವ ತನಕ ಒತ್ತಿ ಕೂರಿಸಿದೆ. ಒಂದೇ ಬೀಪ್, ಪರದೆ ತುಂಬ ಬೆಳಕು! ತಾರೀಖು ಮಾತ್ರ ಯಾವುದೋ ಹಳೆಯ ಜನವರಿ 1. ತಾರೀಖು ಉಳಿಸಿಕೊಳ್ಳುವುದು ಸಿಆರ್2032 ಬಿಲ್ಲೆ ಸೆಲ್ಲಿನ ಕೆಲಸ. 20 ಮಿಲಿಮೀಟರ್ ಅಗಲ, 3.2 ದಪ್ಪ, ಹೆಸರಲ್ಲೇ ಅಳತೆಯಿದೆ. ಅದು ನಿಜಕ್ಕೂ ಸತ್ತಿತ್ತು, ಹೊಸದು ಹಾಕಿದೆ.

ನಿಮ್ಮ ಮನೆಯದೂ ಹೀಗೆ ಕೂಗಿದರೆ, ಗುಜರಿಗೆ ಹಾಕುವ ಮೊದಲು ಒಂದು ರಬ್ಬರ್ ಹುಡುಕಿ. ಹಿಂದಿನ ಮೂಲೆಯಲ್ಲಿ ಕೂತು ಕರೆಂಟು ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಕರೆಂಟು ಕೂತಿರುತ್ತದೆ.