ಒತ್ತಕ್ಷರಕ್ಕೆ ಎಷ್ಟು ಜಾಗ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಕಾಲಕ್ಕೆ ಪಾತ್ರೆ ಕೊಂಡವರು ಕೊಂಡ ಕೂಡಲೇ ಹೊರಡುತ್ತಿರಲಿಲ್ಲ. ದುಡ್ಡು ಎಣಿಸಿ ಕೊಟ್ಟ ಮೇಲೆ ಅಂಗಡಿಯ ಜಗಲಿಯ ಮೂಲೆಯಲ್ಲಿ ಕೂತಿರುತ್ತಿದ್ದ ಅಜ್ಜನ ಮುಂದೆ ಪಾತ್ರೆ ಇಟ್ಟು ಹೆಸರು ಹಾಕಿಸಿಕೊಳ್ಳಬೇಕಿತ್ತು. ಮದುವೆಗೆ ಮುಯ್ಯಿ ಕೊಡುವ ಬಿಂದಿಗೆ, ಹೊಸ ಮನೆಯ ಹಂಡೆ, ದೇವಸ್ಥಾನಕ್ಕೆ ಒಪ್ಪಿಸುವ ಹರಿವಾಣ, ಎಲ್ಲಕ್ಕೂ ಹೆಸರು ಬೇಕು. ಆಗ ಒಂದು ಮನೆಯ ಮದುವೆಗೆ ಬೀದಿಯ ಎಲ್ಲ ಮನೆಯ ಪಾತ್ರೆಗಳೂ ಹೋಗುತ್ತಿದ್ದವು. ಹೆಸರಿಲ್ಲದ ಸೌಟು ವಾಪಸ್ ಬಂದರೆ ಪುಣ್ಯ.

1970ರ ದಶಕದ ಕೊನೆಯ ಮಾತಿದು. ನಮ್ಮ ದೊಡ್ಡಪ್ಪ ಅಂಥದೊಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅಮ್ಮ ಬಂದು ಕರೆದುಕೊಂಡು ಹೋಗುವವರೆಗೂ ನಾನು ಅಜ್ಜನ ಪಕ್ಕದಲ್ಲೇ ಇರುತ್ತಿದ್ದೆ. ಅವರ ಹತ್ತಿರ ಇದ್ದದ್ದು ಚೂಪು ಮೊನೆಯ ಒಂದು ಉಕ್ಕಿನ ಉಳಿ, ಪುಟ್ಟ ಸುತ್ತಿಗೆ, ಅಷ್ಟೇ. ಬಿಂದಿಗೆಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು, "ಪೂರ್ತಿ ಹೆಸರು ಹಾಕ್ಲೇನಮ್ಮಾ, ಇನಿಷಿಯಲ್ ಸಾಕಾ?" ಎಂದು ಕೇಳುತ್ತಿದ್ದರು. ಅಕ್ಷರಕ್ಕೆ ಇಷ್ಟು ಎಂದು ದರ. ಆಮೇಲೆ ಟಕಟಕ ಸದ್ದು, ಚುಕ್ಕಿಯ ಪಕ್ಕ ಚುಕ್ಕಿ. ನೋಡನೋಡುತ್ತಿದ್ದಂತೆ ಚುಕ್ಕಿಗಳು ಕೂಡಿ ಅಕ್ಷರವಾಗುತ್ತಿದ್ದವು.

ಮೊದಲ ಚುಕ್ಕಿ ಬೀಳುವ ಮುಂಚೆ ಅವರು ಹೆಬ್ಬೆರಳನ್ನು ಪಾತ್ರೆಯ ಕಂಠದ ಕೆಳಗೆ ಇಟ್ಟು ಒಂದು ಅಳತೆ ತೆಗೆದುಕೊಳ್ಳುತ್ತಿದ್ದರು. ಹೆಸರು 'ಕಮಲ' ಎಂದಿದ್ದರೆ ಅಳತೆ ಒಂದು ರೀತಿ, 'ಕೃಷ್ಣಪ್ಪ' ಎಂದಿದ್ದರೆ ಇನ್ನೊಂದು. ಕೃಷ್ಣಪ್ಪನಿಗೆ ಸಾಲನ್ನು ಸ್ವಲ್ಪ ಮೇಲಿನಿಂದಲೇ ಶುರು ಮಾಡಬೇಕು, ಯಾಕೆಂದರೆ ಕೆಳಗೆ ಒತ್ತುಗಳು ಕೂರಬೇಕು. ಇಲ್ಲದಿದ್ದರೆ ಒತ್ತು ಹೋಗಿ ಪಾತ್ರೆಯ ಉಬ್ಬಿಗೆ ಬಡಿದು ವಕ್ರವಾಗುತ್ತದೆ. ಕನ್ನಡ ಅಕ್ಷರಕ್ಕೆ ಅಡ್ಡಗಲ ಎಷ್ಟು ಮುಖ್ಯವೋ ಕೆಳಗಿನ ಜಾಗವೂ ಅಷ್ಟೇ ಮುಖ್ಯ ಎಂದು ನಾನು ಕಲಿತದ್ದು ಕಾಪಿ ಪುಸ್ತಕದಿಂದಲ್ಲ, ಆ ಹೆಬ್ಬೆರಳಿನಿಂದ.

ಮುಂದೆ ಕರೆಂಟಿನ ಕೊರೆಯುವ ಪೆನ್ನು ಬಂತು. ಅಜ್ಜ ಅದನ್ನು ಮುಟ್ಟಲಿಲ್ಲ. ಅವರ ಜಾಗಕ್ಕೆ ಬಂದ ಹುಡುಗ ಝುಂಯ್ ಎಂದು ಕ್ಷಣದಲ್ಲಿ ಹೆಸರು ಗೀಚಿ ಕೊಡುತ್ತಿದ್ದ. ಗೀಚಿದ್ದಾದರೂ ಅದು ಕೈಬರಹವೇ. ದೊಡ್ಡ ಬದಲಾವಣೆ ಆದದ್ದು ಬೀದಿಬೀದಿಯಲ್ಲಿ ರೇಡಿಯಂ ಕಟಿಂಗ್ ಅಂಗಡಿಗಳು ಎದ್ದಾಗ. 1998ರಲ್ಲಿ ಬರಹ ತಂತ್ರಾಂಶ ಬಂತು, ಅದರ ಬೆನ್ನಿಗೆ ನುಡಿ. ಕೋರೆಲ್‌ಡ್ರಾದಲ್ಲಿ ಹೆಸರು ಟೈಪು ಮಾಡಿ ಪ್ಲಾಟರಿಗೆ ಕೊಟ್ಟರೆ ಅಂಟಿನ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಬರುತ್ತಿತ್ತು. ಬೈಕಿನ ಟ್ಯಾಂಕು, ಆಟೋದ ಹಿಂಬದಿ, ಮನೆಯ ಗೇಟು, ಎಲ್ಲೆಲ್ಲೂ ಅದೇ ಎರಡು ಮೂರು ಫಾಂಟುಗಳು. ಕನ್ನಡ ಬೀದಿಯ ತುಂಬ ಕಂಡಿತು, ಅದಕ್ಕೆ ನನಗೆ ಸಂತೋಷವೇ. ಆದರೆ ಹೆಸರಿನ ರೂಪವನ್ನು ತೀರ್ಮಾನ ಮಾಡುವವರು ಮಾಯವಾದರು. ಗಿರಾಕಿ ಹೆಸರು ಹೇಳುತ್ತಿದ್ದರು, ಅಂಗಡಿಯವರು ಟೈಪು ಮಾಡುತ್ತಿದ್ದರು, ಫಾಂಟು ಕೊಟ್ಟದ್ದೇ ಅಕ್ಷರ. ಒತ್ತು ಚಿಕ್ಕದಾಯಿತೇ, ದೀರ್ಘ ಪಕ್ಕದ ಅಕ್ಷರಕ್ಕೆ ತಾಗಿತೇ ಎಂದು ನೋಡುವ ವ್ಯವಧಾನ ಇಬ್ಬರಿಗೂ ಇರಲಿಲ್ಲ.

ಇಷ್ಟರಲ್ಲಿ ನಾನು ವಿಜ್ಞಾನದ ಮೇಷ್ಟ್ರಗಿತ್ತಿಯಾದೆ. ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ 2016ರಲ್ಲಿ ಶುರುವಾಯಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ, 6ರಿಂದ 12ನೇ ತರಗತಿಯ ಮಕ್ಕಳಿಗೆ ಟಿಂಕರಿಂಗ್ ಲ್ಯಾಬ್. ಕೆಲವು ವರ್ಷದ ಬಳಿಕ ನಮ್ಮ ಶಾಲೆಗೂ ಅದು ಬಂತು. ಸೆನ್ಸರ್‌ಗಳ ಪೆಟ್ಟಿಗೆಗಳ ನಡುವೆ ಒಂದು ತ್ರೀಡಿ ಪ್ರಿಂಟರ್. ಮಕ್ಕಳ ಕಣ್ಣೆಲ್ಲ ಅದರ ಮೇಲೆ.

ಅದಕ್ಕೆ ಬೇಕಾದ ವಿನ್ಯಾಸ ಮಾಡಲು ನಾವು ಹಿಡಿದದ್ದು ಟಿಂಕರ್‌ಕ್ಯಾಡ್. 2011ರಲ್ಲಿ ಬಂದ ಇದನ್ನು 2013ರಲ್ಲಿ ಆಟೋಡೆಸ್ಕ್ ಕೊಂಡುಕೊಂಡಿತು. ದುಡ್ಡು ಕೊಡಬೇಕಿಲ್ಲ, ಕಂಪ್ಯೂಟರಿಗೆ ಏನೂ ತುಂಬಿಸಬೇಕಿಲ್ಲ, ಬ್ರೌಸರಿನಲ್ಲೇ ತೆರೆಯುತ್ತದೆ. ಡಬ್ಬ, ಸಿಲಿಂಡರು, ಗೋಳದಂಥ ಆಕಾರಗಳನ್ನು ನೀಲಿ ಗೆರೆಗಳ ಹಾಸಿನ ಮೇಲೆ ಎಳೆದು ತಂದು ಇಡಬೇಕು. ಆಕಾರ ಎರಡು ಬಗೆ: ಗಟ್ಟಿ ಮತ್ತು ರಂಧ್ರ. ಗಟ್ಟಿಗೆ ರಂಧ್ರವನ್ನು ತಾಗಿಸಿ ಗುಂಪು ಮಾಡಿದರೆ ಅಷ್ಟು ಭಾಗ ಕೊರೆದುಹೋಗುತ್ತದೆ. ಕೂಡಿಸುವುದು, ಕಳೆಯುವುದು, ಇಷ್ಟರಲ್ಲೇ ಎಲ್ಲ ಕೆಲಸ. ಆರನೇ ತರಗತಿಯ ಮಗುವಿನ ಕೈಗೂ ಅದು ಒಂದು ಪೀರಿಯಡ್ಡಿನಲ್ಲಿ ಹತ್ತುತ್ತದೆ.

ಎಲ್ಲರೂ ಮೊದಲು ಮಾಡುವುದು ಹೆಸರಿನ ಕೀ ಬಂಚ್. ಮಕ್ಕಳು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹಾಕಿ ಮುಗಿಸಿದರು. ಎಂಟನೇ ತರಗತಿಯ ಒಬ್ಬಳು ಮಾತ್ರ ಕೈ ಎತ್ತಿದಳು: "ಮೇಡಂ, ನಂಗೆ 'ಅಜ್ಜಿ' ಅಂತ ಬೇಕು. ನಮ್ಮಜ್ಜಿ ಬೀರು ಕೀಗೆ." ಅಜ್ಜಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಕನ್ನಡಕ್ಕೆ ನಾವು ಬಳಸಿದ್ದು ಸುತ್ತು ದಾರಿ. ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಪದ ಟೈಪು ಮಾಡಿ, ಅದನ್ನು ಗೆರೆಯ ಚಿತ್ರವಾಗಿ ಪರಿವರ್ತಿಸಿ, ಎಸ್‌ವಿಜಿ ಕಡತವಾಗಿ ಉಳಿಸಿ ಟಿಂಕರ್‌ಕ್ಯಾಡ್‌ಗೆ ತಂದರೆ ಅಕ್ಷರಗಳು ದಪ್ಪವಿರುವ ವಸ್ತುವಾಗಿ ನಿಲ್ಲುತ್ತವೆ. ಅವಳು 2 ಮಿಲಿಮೀಟರ್ ದಪ್ಪದ ಹಲಗೆ ಮಾಡಿದಳು. ಅಕ್ಷರಕ್ಕೆ 3.2 ಮಿಲಿಮೀಟರ್ ಎತ್ತರ ಕೊಟ್ಟು ಹಲಗೆಯ ತಳದಿಂದಲೇ ಎಬ್ಬಿಸಿದಳು, ಹಾಗಾಗಿ ಮೇಲೆ ಕಾಣುವುದು 1.2. ಮೂಲೆಯಲ್ಲಿ ಕೀ ಬಂಚಿನ ಬಳೆ ತೂರಿಸಲು 5 ಮಿಲಿಮೀಟರಿನ ರಂಧ್ರ.

ವಿನ್ಯಾಸವನ್ನು ಪ್ರಿಂಟರಿಗಾಗಿ ಪದರಗಳಾಗಿ ಕತ್ತರಿಸಿ ಕೊಡುವ ಸ್ಲೈಸರ್ ತಂತ್ರಾಂಶದಲ್ಲಿ ನೋಡಿದರೆ 'ಜಿ'ಯ ಕೆಳಗಿನ ಜ-ಒತ್ತು ಅರ್ಧ ಮಾಯ. ಪ್ರಿಂಟರಿನ ಮೂತಿಯ ತೂತು 0.4 ಮಿಲಿಮೀಟರ್. ಗೆರೆ ಅದಕ್ಕಿಂತ ಸಣ್ಣಗಾದರೆ ಪ್ಲಾಸ್ಟಿಕ್ಕಿನ ಎಳೆ ಅಲ್ಲಿ ಹರಿಯುವುದೇ ಇಲ್ಲ. ಅವಳು ಆರಿಸಿದ್ದ ಫಾಂಟಿನಲ್ಲಿ ಒತ್ತಿನ ಗೆರೆ ಅಷ್ಟು ತೆಳು. ಹಲಗೆ ಇಲ್ಲದೆ ಬರೀ ಅಕ್ಷರವನ್ನೇ ಮಾಡಿದ್ದರಂತೂ ಒತ್ತು ಕಳಚಿ ಬೀಳುತ್ತಿತ್ತು, ಯಾಕೆಂದರೆ ಎಷ್ಟೋ ಫಾಂಟುಗಳಲ್ಲಿ ಅದು ಮೇಲಿನ ಅಕ್ಷರಕ್ಕೆ ತಾಗಿರುವುದಿಲ್ಲ.

ನಾನು ಉತ್ತರ ಹೇಳಲಿಲ್ಲ, ಹೇಳಬಾರದೆಂದು ತುಟಿ ಕಚ್ಚಿಕೊಂಡು ನಿಂತೆ. ಅವಳು ಫಾಂಟು ಬದಲಿಸಿ ದಪ್ಪನೆಯ 'ಬಾಲೂ ತಮ್ಮ' ತಂದಳು. ಆಮೇಲೆ ಇಂಕ್‌ಸ್ಕೇಪ್‌ನಲ್ಲಿ ಒತ್ತನ್ನು ಬಿಡಿಸಿ ಸ್ವಲ್ಪ ಹಿಗ್ಗಿಸಿದಳು. ಹಿಗ್ಗಿಸಿದ್ದು ಹಲಗೆಯ ಅಂಚಿನಾಚೆ ಹೋಯಿತು. ಪರದೆಯ ಮೇಲೆ ಬೆರಳಿಟ್ಟು ಅಳೆದು, ಸಾಲನ್ನೇ ಮೇಲಕ್ಕೆ ಸರಿಸಿದಳು. ಆಗ ನನ್ನ ಮೈ ಜುಮ್ಮೆಂದಿತು. ಉಳಿ ಹಿಡಿಯದ, ಪಾತ್ರೆ ಅಂಗಡಿಯ ಜಗಲಿ ಕಾಣದ ಹುಡುಗಿಗೆ ಅದೇ ಪ್ರಶ್ನೆ ಎದುರಾಗಿತ್ತು, ಅವಳು ಅದೇ ಉತ್ತರಕ್ಕೆ ಬಂದಿದ್ದಳು. ಪ್ರಿಂಟ್ ಆಗಲು ಅರ್ಧ ಮುಕ್ಕಾಲು ಗಂಟೆ ಹಿಡಿಯಿತು. ಜೋಳದ ಪಿಷ್ಟದಂಥ ಸಸ್ಯಮೂಲದಿಂದ ಮಾಡುವ ಪಿಎಲ್‌ಎ ಎಳೆ ಪದರ ಪದರವಾಗಿ ಬೀಳುವುದನ್ನು ಇಡೀ ತರಗತಿ ಸುತ್ತ ನಿಂತು ನೋಡಿತು.

ಕೈಕೆತ್ತನೆ ಹೋಯಿತು ಎಂದು ಮರುಗುವವರ ನೋವು ನನಗೆ ಅರ್ಥವಾಗುತ್ತದೆ. ಕಂಚಿನ ಮೇಲಿನ ಚುಕ್ಕಿಗೆ ಇರುವ ಆಯಸ್ಸು ಪಿಎಲ್‌ಎಗೆ ಇಲ್ಲ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೂ ಅದು ಸೊಟ್ಟಗಾಗುತ್ತದೆ. ಆದರೂ ನಡುವೆ ಎರಡು ದಶಕ ಯಾರ ಪಾಲಿಗೂ ಇಲ್ಲದಿದ್ದ, ಅಕ್ಷರದ ರೂಪದ ಆ ತೀರ್ಮಾನ ಮಕ್ಕಳ ಕೈಗೆ ಮರಳಿದೆ. ನನಗೆ ಅದು ದೊಡ್ಡದು.

ಈಗ ಮಕ್ಕಳು ಶಾಲೆಯ ಕೊಠಡಿಗಳಿಗೆ ಕನ್ನಡದ ಫಲಕ ಮಾಡುತ್ತಿದ್ದಾರೆ. ನಮ್ಮ ಪ್ರಿಂಟರಿನ ಹಾಸು 20 ಸೆಂಟಿಮೀಟರ್ ಆಸುಪಾಸು, 'ವಿಜ್ಞಾನ ಪ್ರಯೋಗಾಲಯ' ಒಂದೇ ಸಾಲಿನಲ್ಲಿ ಹಿಡಿಸುವುದಿಲ್ಲ. ಎರಡು ಹಲಗೆ ಮಾಡಿ ಮೇಲೊಂದು ಕೆಳಗೊಂದು ಜೋಡಿಸೋಣ ಎಂದರು. ಹಾಗೆ ಮಾಡಿದಾಗ ಮೇಲಿನ ಸಾಲಿನ ಞ-ಒತ್ತು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೇ ಕೂತಂತೆ ಕಂಡಿತು. ಮೇಲಿನ ಹಲಗೆಯನ್ನು ಕೆಳಕ್ಕೆ 6 ಮಿಲಿಮೀಟರ್‌ನಷ್ಟು ಉದ್ದ ಮಾಡಬೇಕೆಂದು ಒಂದು ಗುಂಪು, ಅಕ್ಷರವನ್ನೇ ಚಿಕ್ಕದು ಮಾಡಬೇಕೆಂದು ಇನ್ನೊಂದು ಗುಂಪು. ಶನಿವಾರದ ಪೀರಿಯಡ್ಡು ಪೂರ್ತಿ ವಾದ ನಡೆದು ಕೊನೆಗೆ ಹಲಗೆ ಉದ್ದವಾಯಿತು.