ಮನೆಗಿಂತ ಮೊದಲು ಬಡಾವಣೆ ನೋಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬೆಂಗಳೂರಿನ ಮಟ್ಟಿಗೆ ‘ಬಡಾವಣೆ ಹುಡುಕಿ ನೋಡು’ ಎಂಬುದನ್ನೂ ಸೇರಿಸಬೇಕು. ಮಕ್ಕಳ ಓದಿಗೆಂದು ಊರು ಬಿಟ್ಟು ಬರುವ ಸಂಸಾರವಿರಲಿ, ಮೊದಲ ಸಂಬಳ ಎಣಿಸಿದ ಯುವಕ ಯುವತಿಯರಿರಲಿ, ಕೇಳುವುದು ಎರಡೇ ಪ್ರಶ್ನೆ: ಬಾಡಿಗೆ ಎಷ್ಟು? ಅಡ್ವಾನ್ಸ್ ಎಷ್ಟು? ಕೇಳಬೇಕಾದ ಉಳಿದ ಪ್ರಶ್ನೆಗಳನ್ನು ಹಳೆಯ ಬಸವನಗುಡಿ ಹೇಳಿಕೊಡುತ್ತದೆ.

ಈ ಬಡಾವಣೆ ಹುಟ್ಟಿದ್ದೇ ಒಂದು ಸಂಕಟದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು; ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಸಾವು ಮನೆಮನೆ ಹೊಕ್ಕಿತು. ಇಲಿಯ ಮೈಮೇಲಿನ ಚಿಗಟ ಈ ರೋಗವನ್ನು ಹರಡುತ್ತದೆಂದು ಕರಾಚಿಯಲ್ಲಿ ಪ್ರಯೋಗ ನಡೆದು ಗೊತ್ತಾದದ್ದೂ ಅದೇ ವರ್ಷ. ಗಾಳಿ ಬೆಳಕು ಧಾರಾಳವಾಗಿರುವ ವಸತಿ ಬೇಕೆಂದು ಪೇಟೆಯ ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ ರೂಪುಗೊಂಡವು. ನೇರವಾದ ರಸ್ತೆಗಳು, ಅವನ್ನು ಕತ್ತರಿಸುವ ಅಡ್ಡರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸಲೆಂದೇ ಓಣಿ. ಆರೋಗ್ಯವೇ ಇಲ್ಲಿ ನಕ್ಷೆ ಬರೆದಿತ್ತು.

ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಉಳಿದದ್ದೆಲ್ಲ ಕಾಲ್ನಡಿಗೆಯ ದೂರ. ಕಾಲೇಜು, 1945ರಲ್ಲಿ ಆರಂಭವಾದ ಭಾರತೀಯ ವಿಶ್ವ ಸಂಸ್ಕೃತಿ ಸಂಸ್ಥೆಯ ಗ್ರಂಥಾಲಯ, ಗಾಂಧಿ ಬಜಾರಿನ ಹೂವು ಹಣ್ಣು, 1943ರಿಂದ ದೋಸೆಗೆ ಹೆಸರಾದ ವಿದ್ಯಾರ್ಥಿ ಭವನ, ಮಕ್ಕಳು ಹತ್ತಿ ಇಳಿಯುವ ಕಹಳೆ ಬಂಡೆ. ಎಚ್. ನರಸಿಂಹಯ್ಯನವರು 1962ರಲ್ಲಿ ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆ ಇದೇ ನೆಲದಲ್ಲಿ ಬೆಳೆಯಿತು.

ಬಸವನಗುಡಿಯ ಬಾಡಿಗೆ ಎಲ್ಲರ ಕೈಗೆ ಎಟುಕುವುದಿಲ್ಲ, ನಿಜ. ಹಳೆಯ ಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದು ವಾಹನಗಳ ಕಾಟವೂ ಹೆಚ್ಚಿದೆ. ಆದರೆ ಇಲ್ಲಿನ ಅಳತೆಗೋಲನ್ನು ಯಾವ ಬಡಾವಣೆಗೂ ಒಯ್ಯಬಹುದು.

ಮೊದಲನೆಯದು ನೀರು. ಮೆಜೆಸ್ಟಿಕ್ ಬಸ್ ನಿಲ್ದಾಣ ಒಮ್ಮೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ. ಕೆರೆ ಮರೆಯಾದರೂ ನೆಲದ ಇಳಿಜಾರು ಮರೆಯಾಗದು. 2022ರ ಸೆಪ್ಟೆಂಬರ್ ಮಳೆಗೆ ನಗರದ ಪೂರ್ವಭಾಗದ ಕೋಟ್ಯಂತರ ಬೆಲೆಯ ವಿಲ್ಲಾಗಳ ನಿವಾಸಿಗಳೂ ಟ್ರ್ಯಾಕ್ಟರ್, ದೋಣಿ ಹತ್ತಬೇಕಾಯಿತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಅನೇಕ ಕಡೆ ಟ್ಯಾಂಕರೇ ಗತಿಯಾಯಿತು. ಕಾವೇರಿ ನೀರು ಬರುತ್ತದೆಯೇ, ರಾಜಕಾಲುವೆ ಎಲ್ಲಿದೆ, ಮಳೆಗೆ ಯಾವ ರಸ್ತೆ ತುಂಬುತ್ತದೆ ಎಂಬುದನ್ನು ದಲ್ಲಾಳಿಯನ್ನಲ್ಲ, ಬೀದಿಯ ಇಸ್ತ್ರಿ ಅಂಗಡಿಯವರನ್ನು ಕೇಳಬೇಕು.

ಎರಡನೆಯದು ಕಾಲುದಾರಿ. ಭಾನುವಾರ ಮನೆ ನೋಡಿದವರು ಸೋಮವಾರ ಬೆಳಗ್ಗೆ ಎಂಟಕ್ಕೆ ಮತ್ತೊಮ್ಮೆ ಹೋಗಿ, ಅಲ್ಲಿಂದ ಶಾಲೆಯವರೆಗೆ ಮಗುವಿನೊಂದಿಗೆ ನಡೆಯುವುದು ಲೇಸು. ಫುಟ್‌ಪಾತ್ ಇದೆಯೇ? ದೊಡ್ಡ ರಸ್ತೆಯನ್ನು ಎಷ್ಟು ಸಲ ದಾಟಬೇಕು?

ಮೂರನೆಯದು ಒಂದು ಸುಲಭ ಲೆಕ್ಕ. ಹೋಗಿ ಬರಲು ದಿನಕ್ಕೆ ಒಂದೂವರೆ ಗಂಟೆ ಬಸ್ಸಿನಲ್ಲಿ ಕಳೆದರೆ 200 ಶಾಲಾ ದಿನಗಳಿಗೆ 300 ಗಂಟೆ. ಅದು ಮಗುವಿನ ಆಟದ, ಓದಿನ, ನಿದ್ದೆಯ ಸಮಯ. ದೂರದ ಮನೆಯ ಬಾಡಿಗೆ ಕಡಿಮೆ ಎನ್ನುವಾಗ ಈ 300 ಗಂಟೆಗಳನ್ನೂ ಅದರ ಜೊತೆ ಕೂಡಿಸಿ ನೋಡಬೇಕು.